ಲಸಿಕೆ ಹಾಕಿಸಿದ ಮೇಲೆ ಏನಾಯಿತು? 16,974 ಮಂದಿಯ ಲೆಕ್ಕ

ವಿದೇಶಕ್ಕೆ ಓದಲು ಹೊರಡುವ ಮಕ್ಕಳಿಗೆ ವಿಶ್ವವಿದ್ಯಾಲಯದಿಂದ ಬರುವ ಕಾಗದಪತ್ರಗಳ ನಡುವೆ ಆರೋಗ್ಯದ ಫಾರಂ ಕೂಡ ಇರುತ್ತದೆ. ಯಾವ್ಯಾವ ಲಸಿಕೆ ಆಗಿದೆ, ಯಾವ ದಿನ ಆಗಿದೆ, ವೈದ್ಯರ ಸಹಿ ಎಲ್ಲಿ ಅಂತ ಅದರಲ್ಲಿ ಸಾಲು ಸಾಲು ಕಾಲಂ. ಅಮೆರಿಕದ ಹಲವು ರಾಜ್ಯಗಳಲ್ಲಿ ಹಾಸ್ಟೆಲಿಗೆ ಸೇರುವವರಿಗೆ ಈ ಪಟ್ಟಿಯಲ್ಲಿ ‘ಮೆನಿಂಗೊಕಾಕಲ್’ ಲಸಿಕೆಯೂ ಇರುತ್ತದೆ. ಬ್ರಿಟನ್ನಿನಲ್ಲಿ ಹದಿಹರೆಯದವರಿಗೂ ಹೊಸದಾಗಿ ಕಾಲೇಜು ಸೇರುವವರಿಗೂ ಇದನ್ನು ಕೊಡುವ ಕಾರ್ಯಕ್ರಮ 2015ರಿಂದ ನಡೆಯುತ್ತಿದೆ. ಫಾರಂ ಓದಿ ಮುಗಿಸುವ ಮೊದಲೇ ಮನೆಯಲ್ಲಿ ಉಮ್ಮನ ಪ್ರಶ್ನೆ ಬರುತ್ತದೆ: “ಇದು ಹಾಕಿಸಿದ್ರೆ ಏನಾದ್ರೂ ಆಗ್ತದಾ?”

ಲಸಿಕೆಯ ಹೆಸರು ನಮ್ಮ ಮನೆಗಳಿಗೆ ಹೊಸದೇನೂ ಅಲ್ಲ. ಹಜ್ಜಿಗೆ, ಉಮ್ರಾಕ್ಕೆ ಹೋಗಿ ಬಂದವರೆಲ್ಲ ಈ ಸೂಜಿ ಚುಚ್ಚಿಸಿಕೊಂಡವರೇ. ‘ಹಜ್ಜಿನ ಇಂಜೆಕ್ಷನ್’ ಅಂತ ನಾವು ಕರೆಯುವುದು ಇದನ್ನೇ. ಆದರೆ ಹಾಕಿಸಿಕೊಂಡ ಮೇಲೆ ಯಾರಿಗೆ ಏನಾಯಿತು, ಅದನ್ನು ಯಾರು ಬರೆದಿಟ್ಟುಕೊಂಡರು, ಬರೆದದ್ದು ಎಲ್ಲಿಗೆ ಹೋಯಿತು ಅಂತ ಕೇಳುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಉಮ್ಮನ ಪ್ರಶ್ನೆಗೆ “ಏನೂ ಆಗೋದಿಲ್ಲ, ಸುಮ್ಮನೆ ಹಾಕಿಸಿ” ಅನ್ನುವುದು ಸರಿಯಾದ ಉತ್ತರ ಅಲ್ಲ. ವಾಟ್ಸ್‌ಆ್ಯಪಿನಲ್ಲಿ ಬರುವ ಹೆದರಿಕೆಯ ವಾಯ್ಸ್ ಮೆಸೇಜೂ ಉತ್ತರ ಅಲ್ಲ. ಸರಿಯಾದ ಉತ್ತರಕ್ಕೆ ಲೆಕ್ಕ ಬೇಕು. ಅಂಥ ಲೆಕ್ಕವನ್ನು ಎರಡು ವಿಶ್ವವಿದ್ಯಾಲಯಗಳಲ್ಲಿ ಇಟ್ಟಿದ್ದಾರೆ. ಅದು ಹೇಗೆ ನಡೆಯಿತು ಅಂತ ಇಲ್ಲಿ ನೋಡೋಣ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾ ಸುಮಾರು ಹತ್ತರಲ್ಲಿ ಒಬ್ಬರ ಮೂಗು ಗಂಟಲಲ್ಲಿ ಏನೂ ತೊಂದರೆ ಕೊಡದೆ ಕೂತಿರುತ್ತದೆ. ಎಂಜಲು, ಕೆಮ್ಮು, ಹತ್ತಿರದ ಒಡನಾಟದಿಂದ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಎಲ್ಲೋ ಒಬ್ಬಿಬ್ಬರಲ್ಲಿ ಮಾತ್ರ ಅದು ರಕ್ತಕ್ಕೆ ಅಥವಾ ಮಿದುಳಿನ ಪೊರೆಗೆ ನುಗ್ಗುತ್ತದೆ. ನುಗ್ಗಿದರೆ ಆಮೇಲೆ ಲೆಕ್ಕ ಗಂಟೆಗಳಲ್ಲಿ. ಬೆಳಗ್ಗೆ ಫ್ಲೂ ಇರಬೇಕು ಅಂತ ಮಲಗಿದ ಹುಡುಗ ರಾತ್ರಿ ಐಸಿಯುನಲ್ಲಿ ಇರಬಹುದು. ಒಳ್ಳೆಯ ಚಿಕಿತ್ಸೆ ಸಿಕ್ಕಿದರೂ ನೂರರಲ್ಲಿ 10ರಿಂದ 15 ಮಂದಿ ಉಳಿಯುವುದಿಲ್ಲ. ಉಳಿದವರಲ್ಲಿ ಐದರಲ್ಲಿ ಒಬ್ಬರವರೆಗೆ ಕಿವುಡುತನವೋ, ಬೆರಳು ಅಥವಾ ಕಾಲು ಕಳೆದುಕೊಳ್ಳುವುದೋ, ಹೀಗೆ ಏನಾದರೊಂದು ಶಾಶ್ವತ ತೊಂದರೆ ಬರಬಹುದು. ಹಾಸ್ಟೆಲ್, ಡೇರೆ, ಬ್ಯಾರಕ್, ಹೀಗೆ ಜನ ಒತ್ತೊತ್ತಾಗಿ ಇರುವ ಜಾಗ ಈ ರೋಗಾಣುವಿಗೆ ಅನುಕೂಲ. ಮಿನಾದ ಡೇರೆಗಳಿಗೂ ಕಾಲೇಜು ಹಾಸ್ಟೆಲಿಗೂ ಇದೇ ಲಸಿಕೆಯ ಮಾತು ಬರುವುದು ಅದಕ್ಕೇ.

ಪ್ರಿನ್ಸ್‌ಟನ್‌ನಲ್ಲಿ ಆದದ್ದು

2013ರ ಮಾರ್ಚ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದ ಒಬ್ಬರಿಗೆ ಈ ಕಾಯಿಲೆ ಬಂತು. ಆಮೇಲೆ ಇನ್ನೊಬ್ಬರಿಗೆ, ಮತ್ತೊಬ್ಬರಿಗೆ. ನವೆಂಬರ್ ಹೊತ್ತಿಗೆ ಎಂಟು ಮಂದಿ. ಅವರಲ್ಲಿ ಏಳು ಮಂದಿ ಅಲ್ಲಿನ ವಿದ್ಯಾರ್ಥಿಗಳು, ಒಬ್ಬರು ಕ್ಯಾಂಪಸ್ಸಿಗೆ ಬಂದುಹೋದವರು. ಅದೇ ನವೆಂಬರಿನಲ್ಲಿ ದೇಶದ ಇನ್ನೊಂದು ತುದಿಯಲ್ಲಿ, ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಾಲ್ಕು ವಿದ್ಯಾರ್ಥಿಗಳು ಹಾಸಿಗೆ ಹಿಡಿದರು. ಅವರಲ್ಲಿ ಒಬ್ಬನ ಎರಡೂ ಪಾದ ಕತ್ತರಿಸಬೇಕಾಯಿತು. ಎರಡೂ ಕಡೆ ಕಾರಣ ಮೆನಿಂಗೊಕಾಕಸ್‌ನ ‘ಬಿ’ ಗುಂಪು. ಆದರೆ ತಳಿ ಬೇರೆ ಬೇರೆ, ಒಂದಕ್ಕೊಂದು ಸಂಬಂಧ ಇರಲಿಲ್ಲ.

ತೊಂದರೆ ಏನೆಂದರೆ, ಆ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಆಗಲೇ ಮೆನಿಂಜೈಟಿಸ್ ಲಸಿಕೆ ಹಾಕಿಸಿಕೊಂಡವರೇ. ಆದರೆ ಅದು ಎ, ಸಿ, ಡಬ್ಲ್ಯು, ವೈ ಎಂಬ ನಾಲ್ಕು ಗುಂಪುಗಳ ವಿರುದ್ಧದ ಲಸಿಕೆ. ‘ಬಿ’ ಗುಂಪಿಗೆ ಅದು ತಾಗುವುದಿಲ್ಲ. ನಾವು ಹಜ್ಜಿಗೆ ಹಾಕಿಸಿಕೊಳ್ಳುವುದೂ ಆ ನಾಲ್ಕರದ್ದೇ. ‘ಬಿ’ ಗುಂಪಿನ ರೋಗಾಣುವಿನ ಹೊರಪೊರೆಯ ಸಕ್ಕರೆ ಪದಾರ್ಥ ಮನುಷ್ಯರ ನರಗಳ ಜೀವಕೋಶದಲ್ಲಿರುವ ಪದಾರ್ಥದಂತೆಯೇ ಇದೆ. ಹಾಗಾಗಿ ದೇಹ ಅದನ್ನು ಶತ್ರು ಅಂತ ಗುರುತಿಸುವುದಿಲ್ಲ. ಈ ಕಾರಣಕ್ಕೆ ‘ಬಿ’ ಲಸಿಕೆ ಬರಲು ದಶಕಗಳೇ ಬೇಕಾದವು. ರೀನೊ ರಪ್ಪುವೊಲಿ ಎಂಬ ಇಟಲಿಯ ವಿಜ್ಞಾನಿಯ ತಂಡ ರೋಗಾಣುವಿನ ಪೂರ್ತಿ ವಂಶವಾಹಿ ಓದಿ, ಬೇರೆ ಪ್ರೊಟೀನುಗಳನ್ನು ಹುಡುಕಿ, ಅದರಿಂದ ಲಸಿಕೆ ಮಾಡಿತು. ಅದರ ಹೆಸರು ಬೆಕ್ಸೆರೊ. ಯುರೋಪಿನಲ್ಲಿ ಅದಕ್ಕೆ 2013ರ ಜನವರಿಯಲ್ಲಿ ಅನುಮತಿ ಸಿಕ್ಕಿತ್ತು. ಅಮೆರಿಕದಲ್ಲಿ ಸಿಕ್ಕಿರಲಿಲ್ಲ.

ಅಂದರೆ, ಆ ದೇಶದಲ್ಲಿ ಇನ್ನೂ ಲೈಸೆನ್ಸ್ ಆಗದ ಲಸಿಕೆಯನ್ನು ಆರೋಗ್ಯವಾಗಿರುವ ಸಾವಿರಾರು ಹುಡುಗ ಹುಡುಗಿಯರಿಗೆ ಹಾಕಬೇಕಾದ ಪರಿಸ್ಥಿತಿ. ಹಾಕದಿದ್ದರೆ ಒಂಬತ್ತನೆಯವರು, ಹತ್ತನೆಯವರು ಯಾರು ಅಂತ ಗೊತ್ತಿಲ್ಲ. ಹಾಕಿದರೆ ಏನಾದೀತು ಅಂತ ತಂದೆತಾಯಿಗಳ ಚಿಂತೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ತಾನೇ ಜವಾಬ್ದಾರಿ ಹೊತ್ತು, ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎಯಿಂದ ವಿಶೇಷ ಅನುಮತಿ ಪಡೆಯಿತು. ಅನುಮತಿಯ ಜೊತೆ ಷರತ್ತುಗಳೂ ಇದ್ದವು. ಹಾಕಿಸಿಕೊಳ್ಳುವುದು ಅವರವರ ಇಷ್ಟ, ಒಪ್ಪಿಗೆ ಪತ್ರಕ್ಕೆ ಸಹಿ ಬೇಕು, ಹಾಕಿದ ಮೇಲೆ ಏನಾಯಿತು ಅನ್ನುವುದರ ಮೇಲೆ ನಿಗಾ ಇಡಬೇಕು. 2013ರ ಡಿಸೆಂಬರ್ 9ರಿಂದ 12ರವರೆಗೆ ಪ್ರಿನ್ಸ್‌ಟನ್‌ನಲ್ಲಿ ಮೊದಲ ಡೋಸ್. ನಾಲ್ಕೇ ದಿನದಲ್ಲಿ ಐದು ಸಾವಿರಕ್ಕಿಂತ ಹೆಚ್ಚು ಮಂದಿ ಸರತಿಯಲ್ಲಿ ನಿಂತು ಹಾಕಿಸಿಕೊಂಡರು. 2014ರ ಫೆಬ್ರವರಿಯಲ್ಲಿ ಎರಡನೇ ಡೋಸ್. ಸಾಂತಾ ಬಾರ್ಬರಾದಲ್ಲೂ ಆ ಫೆಬ್ರವರಿಯ ಕೊನೆಗೆ ಶುರುವಾಯಿತು.

ಲೆಕ್ಕ ಇಟ್ಟದ್ದು ಹೇಗೆ

ನಾಲ್ಕು ದಾರಿಗಳಿಂದ ಮಾಹಿತಿ ಬರುವಂತೆ ಮಾಡಿದ್ದರು. ಮೊದಲನೆಯದು, ಸೂಜಿ ಹಾಕಿದ ಮೇಲೆ 15 ನಿಮಿಷ ಅಲ್ಲೇ ಕೂರಿಸಿ ನೋಡುವುದು. ಎರಡನೆಯದು, ಆಮೇಲೆ ಯಾರಿಗೆ ಏನು ಅನಿಸಿದರೂ ತಾವಾಗಿ ಬಂದು ಅಥವಾ ತಿಳಿಸಿ ದಾಖಲಿಸಲು ವ್ಯವಸ್ಥೆ. ಮೂರನೆಯದು, ಕಾಯದೆ ಪ್ರಶ್ನಾವಳಿ ಕೊಟ್ಟು ತಾವೇ ಕೇಳುವುದು. ನಾಲ್ಕನೆಯದು, ಆಸ್ಪತ್ರೆಗಳ ಮೇಲೆ ಕಣ್ಣಿಡುವುದು, ಅಂದರೆ ಲಸಿಕೆ ಹಾಕಿಸಿಕೊಂಡವರಲ್ಲಿ ಯಾರಾದರೂ ಯಾವ ಕಾರಣಕ್ಕಾದರೂ ದಾಖಲಾದರಾ ಅಂತ ಹುಡುಕುವುದು. ಗಂಭೀರ ಅಂತ ಕಂಡದ್ದನ್ನೆಲ್ಲ ಒಂದೊಂದಾಗಿ ಬಿಡಿಸಿ, ಇದು ಲಸಿಕೆಯಿಂದ ಆದದ್ದಾ, ಅಲ್ವಾ ಅಂತ ಪರಿಶೀಲಿಸಿದರು. ‘ಗಂಭೀರ’ ಅನ್ನುವ ಮಾತಿಗೆ ಇಲ್ಲಿ ಅಳತೆ ಇದೆ. ಸಾವು, ಜೀವಕ್ಕೆ ಅಪಾಯ, ಆಸ್ಪತ್ರೆ ವಾಸ, ಶಾಶ್ವತ ಊನ, ಇಂಥದ್ದು ಮಾತ್ರ ಆ ಲೆಕ್ಕಕ್ಕೆ ಬರುತ್ತದೆ. ಮೂರು ದಿನ ಕೈ ಎತ್ತಲಾಗಲಿಲ್ಲ ಅನ್ನುವುದು ನೋವಿನ ವಿಷಯ ಹೌದು, ಆದರೆ ಈ ಅರ್ಥದಲ್ಲಿ ಗಂಭೀರ ಅಲ್ಲ.

2014ರ ನವೆಂಬರ್ ತನಕ ಎರಡೂ ಕಡೆ ಸೇರಿ 16,974 ಮಂದಿಗೆ 31,313 ಡೋಸ್ ಕೊಟ್ಟಿದ್ದರು. ಮೊದಲ ಡೋಸ್ ಆದ 15 ನಿಮಿಷದೊಳಗೆ ತಲೆಸುತ್ತಿ ಪ್ರಜ್ಞೆ ತಪ್ಪಿದವರು ಸಾವಿರಕ್ಕೆ 0.88, ಅಂದರೆ ಇಡೀ ಗುಂಪಿನಲ್ಲಿ ಹದಿನೈದು ಮಂದಿಯ ಆಸುಪಾಸು. ತಾವಾಗಿ ಬಂದು “ನನಗೆ ಹೀಗಾಯಿತು” ಅಂದವರು ನೂರಕ್ಕೆ ಇಬ್ಬರು. ಅವರು ಹೇಳಿದ್ದರಲ್ಲಿ ಹೆಚ್ಚಿನದು ತೋಳು ನೋವು ಮತ್ತು ಜ್ವರ. ಲಸಿಕೆಯಿಂದಲೇ ಆಗಿರಬಹುದು ಅಂತ ಶಂಕಿಸಿದ ಗಂಭೀರ ಪ್ರಕರಣ ಮೂರು. ಅದರಲ್ಲಿ ಒಂದು ಅನಾಫಿಲಾಕ್ಸಿಸ್, ಅಂದರೆ ಉಸಿರು ಕಟ್ಟುವ, ರಕ್ತದೊತ್ತಡ ಕುಸಿಯುವ ತೀವ್ರ ಅಲರ್ಜಿ.

ಹದಿನೇಳು ಸಾವಿರಕ್ಕೆ ಮೂರು. ಉಮ್ಮನ ಪ್ರಶ್ನೆಗೆ ಉತ್ತರ ಹೇಳುವಾಗ ಈ ಮೂರನ್ನು ಮುಚ್ಚಿಡಬಾರದು. ಮುಚ್ಚಿಟ್ಟರೆ ಮುಂದೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಅನಾಫಿಲಾಕ್ಸಿಸ್ ಅನ್ನುವುದು ಯಾವ ಲಸಿಕೆಗೂ, ಯಾವ ಔಷಧಕ್ಕೂ, ಕೆಲವರಿಗೆ ಸೀಗಡಿಗೂ ಆಗುವಂಥದ್ದು. ಅಪರೂಪ, ಆದರೆ ಆದಾಗ ಅಡ್ರಿನಲಿನ್ ಇಂಜೆಕ್ಷನ್ ಕೈಯಳತೆಯಲ್ಲಿ ಇರಲೇಬೇಕು. ಆ ವರದಿ ಬರೆದವರೂ ಕೊನೆಗೆ ಹೇಳಿದ್ದು ಇದನ್ನೇ: ಎಲ್ಲೇ ಲಸಿಕೆ ಹಾಕಲಿ, ತಲೆಸುತ್ತಿ ಬಿದ್ದು ಪೆಟ್ಟಾಗದಂತೆ ಎಚ್ಚರಿಕೆ ಬೇಕು, ಅನಾಫಿಲಾಕ್ಸಿಸ್‌ಗೆ ಚಿಕಿತ್ಸೆ ಕೊಡುವ ತಯಾರಿ ಬೇಕು.

ಈ ಲೆಕ್ಕ ಕಪಾಟು ಸೇರಿ ಕೂರಲಿಲ್ಲ. 2015ರ ಜನವರಿಯಲ್ಲಿ ಅಮೆರಿಕ ಬೆಕ್ಸೆರೊಗೆ ಲೈಸೆನ್ಸ್ ಕೊಡುವಾಗ, ಪ್ರಯೋಗಗಳ ಫಲಿತಾಂಶದ ಜೊತೆ ಈ ಎರಡು ವಿಶ್ವವಿದ್ಯಾಲಯಗಳಲ್ಲಿ ಹಾಕಿಸಿಕೊಂಡವರ ಸುರಕ್ಷತೆಯ ಮಾಹಿತಿಯನ್ನೂ ಎಫ್‌ಡಿಎ ನೋಡಿತು. ತೋಳು ನೋವು ಅಂತ ಹೋಗಿ ಹೇಳಿದ ಹುಡುಗಿಯ ಒಂದು ಸಾಲು ಕೂಡ ಆ ಲೆಕ್ಕದಲ್ಲಿ ಸೇರಿತ್ತು.

ನೂರಕ್ಕೆ ಎರಡಾ, ಎಂಬತ್ಮೂರಾ?

ಅಂಕಿ ಓದುವಾಗ ಒಂದು ಕಡೆ ನಿಲ್ಲಬೇಕು. ನೂರಕ್ಕೆ ಇಬ್ಬರು ಮಾತ್ರ ತಾವಾಗಿ ತೊಂದರೆ ಹೇಳಿದರು ಅಂದೆವು. ಆದರೆ ಇದೇ ಲಸಿಕೆಯ ಪ್ರಯೋಗಗಳಲ್ಲಿ ಪ್ರತಿಯೊಬ್ಬರಿಗೂ ಡೈರಿ ಕೊಟ್ಟು, ದಿನಾ ಬರೆಯಿರಿ ಅಂದಾಗ ಹದಿಹರೆಯದವರಲ್ಲಿ ಮತ್ತು ಯುವಜನರಲ್ಲಿ ಸೂಜಿ ಚುಚ್ಚಿದ ಜಾಗದ ನೋವು ನೂರಕ್ಕೆ 83ರಷ್ಟು ಅಥವಾ ಹೆಚ್ಚು. ಮೈಕೈ ನೋವು ನೂರಕ್ಕೆ 48, ಸುಸ್ತು 35, ತಲೆನೋವು 33ರ ಮೇಲೆ. ಎರಡರಲ್ಲಿ ಯಾವುದು ಸುಳ್ಳು? ಯಾವುದೂ ಅಲ್ಲ. ಕೇಳಿದ ರೀತಿ ಬೇರೆ. ಕೈ ನೋಯುತ್ತದೆ ಅಂತ ಹೇಳಲಿಕ್ಕೆ ಕ್ಲಿನಿಕ್‌ವರೆಗೆ ನಡೆದುಕೊಂಡು ಹೋಗುವ ಹುಡುಗ ನೂರರಲ್ಲಿ ಒಬ್ಬನೋ ಇಬ್ಬರೋ. ಡೈರಿ ಎದುರಿಗೇ ಇದ್ದರೆ ಎಲ್ಲರೂ ಬರೆಯುತ್ತಾರೆ.

ಇದು ತಿಳಿದಿದ್ದರೆ ಅರ್ಧ ಗೊಂದಲ ಕಡಿಮೆ. ಲಸಿಕೆ ಬೇಡ ಅನ್ನುವವರು 83 ಹಿಡಿದುಕೊಳ್ಳುತ್ತಾರೆ, ಏನೂ ಆಗೋದಿಲ್ಲ ಅನ್ನುವವರು 2 ಹಿಡಿದುಕೊಳ್ಳುತ್ತಾರೆ. ಯಾವ ಅಂಕಿ ಬಂದರೂ “ಇದನ್ನು ಹೇಗೆ ಕೇಳಿ ಪಡೆದದ್ದು?” ಅಂತ ನಾವು ಮೊದಲು ಕೇಳಬೇಕು. ಅಂಗಡಿಯಲ್ಲಿ ಕಂಪ್ಲೇಂಟ್ ಪುಸ್ತಕ ಇಟ್ಟರೆ ಬರುವ ದೂರು ಬೇರೆ, ಗಿರಾಕಿಗಳ ಮನೆಗೇ ಹೋಗಿ “ಅಕ್ಕಿ ಹೇಗಿತ್ತು?” ಅಂದರೆ ಬರುವ ದೂರು ಬೇರೆ ಅಲ್ವಾ, ಹಾಗೆ.

ಹಾಗಾದರೆ ನೆಚ್ಚಬೇಕಾದದ್ದು ಯಾವುದನ್ನು? ಮಗಳು ಮಾರನೇ ದಿನ ಕಾಲೇಜಿಗೆ ಹೋಗಬಹುದಾ ಅನ್ನುವ ಪ್ರಶ್ನೆಗೆ ಡೈರಿಯ ಲೆಕ್ಕ ಒಳ್ಳೆಯದು. ಕೈ ನೋವು, ಸುಸ್ತು ಹೆಚ್ಚುಕಡಿಮೆ ಗ್ಯಾರಂಟಿ ಅಂತ ಅಂದುಕೊಂಡರೆ, ಪರೀಕ್ಷೆಯ ಹಿಂದಿನ ದಿನ ಹಾಕಿಸದೆ ಬೇರೆ ದಿನ ನೋಡಬಹುದು. ಜೀವಕ್ಕೆ ಅಪಾಯ ಇದೆಯಾ ಅನ್ನುವುದಕ್ಕೆ ಡೈರಿ ಸಾಲದು. ಕೆಲವೇ ಸಾವಿರ ಮಂದಿಯ ಪ್ರಯೋಗದಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗೆ ಆಗುವಂಥದ್ದು ಕಾಣಿಸದೇ ಹೋಗಬಹುದು. ಅದಕ್ಕೆ ಸಾಮೂಹಿಕವಾಗಿ ಹಾಕುವಾಗಲೂ ಆಸ್ಪತ್ರೆಗಳ ಮೇಲೆ ಕಣ್ಣು ಬೇಕು.

ತಲೆಸುತ್ತುವ ವಿಷಯವನ್ನೂ ಹಗುರವಾಗಿ ನೋಡಬಾರದು. ಸೂಜಿ ನೋಡಿದಾಗ, ನೋವಾದಾಗ ಕೆಲವರಲ್ಲಿ ಎದೆಬಡಿತ ಒಮ್ಮೆಗೇ ನಿಧಾನವಾಗಿ, ರಕ್ತದೊತ್ತಡ ಇಳಿದು, ಕಣ್ಣು ಕತ್ತಲೆ ಬರುತ್ತದೆ. ಹದಿಹರೆಯದವರಲ್ಲಿ ಇದು ಜಾಸ್ತಿ. ಮದ್ದಿನ ದೋಷ ಅಲ್ಲ, ಆದರೆ ಸಿಮೆಂಟು ನೆಲಕ್ಕೆ ತಲೆ ಬಡಿದರೆ ಪೆಟ್ಟು ನಿಜವಾದದ್ದೇ. ಕೂರಿಸಿಯೋ ಮಲಗಿಸಿಯೋ ಹಾಕಿ, ಆಮೇಲೂ ಸ್ವಲ್ಪ ಹೊತ್ತು ಕೂರಿಸಿದರೆ ಬಹುಪಾಲು ತಪ್ಪುತ್ತದೆ. ಒಬ್ಬರು ಬಿದ್ದದ್ದನ್ನು ನೋಡಿ ಸಾಲಿನಲ್ಲಿ ಇನ್ನೂ ನಾಲ್ಕು ಮಂದಿ ಬೀಳುವುದೂ ಉಂಟು. 1998ರಲ್ಲಿ ಜೋರ್ಡಾನಿನ ಶಾಲೆಗಳಲ್ಲಿ ಧನುರ್ವಾಯು ಮತ್ತು ಡಿಫ್ತೀರಿಯಾ ಲಸಿಕೆ ಹಾಕಿದಾಗ 800ಕ್ಕಿಂತ ಹೆಚ್ಚು ಮಕ್ಕಳು ತಮಗೆ ಅಡ್ಡಪರಿಣಾಮ ಆಗಿದೆ ಅಂದರು, 122 ಮಂದಿಯನ್ನು ಆಸ್ಪತ್ರೆಗೆ ಸೇರಿಸಿದರು. ತನಿಖೆ ನಡೆದಾಗ ಬಹುಪಾಲು ಪ್ರಕರಣಕ್ಕೆ ಲಸಿಕೆ ಕಾರಣವಲ್ಲ, ಹೆದರಿಕೆ ಒಬ್ಬರಿಂದ ಒಬ್ಬರಿಗೆ ಹರಡಿದ್ದು ಅಂತ ಕಂಡಿತು. ಆ ಮಕ್ಕಳು ನಾಟಕ ಮಾಡಿದ್ದಲ್ಲ. ಅವರ ಸಂಕಟ ನಿಜ, ಕಾರಣ ಮಾತ್ರ ಬೇರೆ. ಇಂಥ ಹೊತ್ತಲ್ಲಿ ಮಕ್ಕಳನ್ನು ಗದರಿಸಿದ ಮೇಷ್ಟ್ರಿಗಿಂತ ಒಬ್ಬೊಬ್ಬರನ್ನೇ ಬೇರೆ ಕೋಣೆಗೆ ಕರೆದೊಯ್ದು ಕೂರಿಸಿದ ನರ್ಸ್ ಹೆಚ್ಚು ಕೆಲಸ ಮಾಡಿದ ಹಾಗೆ.

ಆಮೇಲೆ ಆದದ್ದು, ಅದರಿಂದಲೇ ಆದದ್ದಾ?

ಅಡ್ಡಪರಿಣಾಮದ ಲೆಕ್ಕದಲ್ಲಿ ಅತ್ಯಂತ ಕಷ್ಟದ ಪ್ರಶ್ನೆ ಇದೇ. ಹದಿನೇಳು ಸಾವಿರ ಯುವಕ ಯುವತಿಯರನ್ನು ಒಂದು ವರ್ಷ ನೋಡುತ್ತಾ ಕೂತರೆ, ಲಸಿಕೆ ಹಾಕದಿದ್ದರೂ ಅವರಲ್ಲಿ ಕೆಲವರಿಗೆ ಅಪೆಂಡಿಕ್ಸ್ ಆಪರೇಷನ್ ಆಗುತ್ತದೆ, ಕೆಲವರು ಬೈಕಿನಿಂದ ಬೀಳುತ್ತಾರೆ, ಯಾರಿಗೋ ಮೊದಲ ಬಾರಿ ಫಿಟ್ಸ್ ಬರುತ್ತದೆ. ಲಸಿಕೆ ಆದ ಮಾರನೇ ವಾರ ಬಂದರೆ ಮನೆಯವರಿಗೆ ಲಸಿಕೆಯ ಮೇಲೆಯೇ ಸಂಶಯ. ಅದು ಸಹಜ. ಸಂಶಯವನ್ನು ಬಿಡಿಸುವುದಕ್ಕೆ ಇರುವ ದಾರಿ ಹೋಲಿಕೆ: ಹಾಕಿಸಿಕೊಳ್ಳದವರಲ್ಲಿ, ಅಥವಾ ಅದೇ ವಯಸ್ಸಿನವರಲ್ಲಿ ಹಿಂದಿನ ವರ್ಷಗಳಲ್ಲಿ, ಇದು ಎಷ್ಟು ಮಂದಿಗೆ ಆಗುತ್ತಿತ್ತು? ಈಗ ಅದಕ್ಕಿಂತ ಹೆಚ್ಚಾಗಿದೆಯಾ?

2005ರ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಆ ವರ್ಷದ ಜನವರಿಯಲ್ಲಿ ಅಮೆರಿಕದಲ್ಲಿ ಮೆನಾಕ್ಟ್ರಾ ಎಂಬ ನಾಲ್ಕು ಗುಂಪುಗಳ ಹೊಸ ಲಸಿಕೆಗೆ ಅನುಮತಿ ಸಿಕ್ಕಿತು. ಕಾಲೇಜು ಹಾಸ್ಟೆಲಿಗೆ ಸೇರುವವರಿಗೆ ಶಿಫಾರಸು ಆಯಿತು. ಬೇಸಿಗೆ ಮುಗಿದು ಕಾಲೇಜು ಶುರುವಾಗುವ ಹೊತ್ತಿಗೆ, 17–18 ವಯಸ್ಸಿನ ಐವರಲ್ಲಿ ಗೀಯಾನ್–ಬಾರೆ ಸಿಂಡ್ರೋಮ್ ಕಾಣಿಸಿತು. ಕಾಲಿನಿಂದ ಶುರುವಾಗಿ ಮೇಲಕ್ಕೆ ಏರುವ ನರಗಳ ದೌರ್ಬಲ್ಯ ಅದು. ಐವರಿಗೂ ಲಸಿಕೆ ಆದ ಎರಡರಿಂದ ನಾಲ್ಕು ವಾರದ ಆಸುಪಾಸಿನಲ್ಲಿ. ಅಷ್ಟರಲ್ಲಿ ದೇಶಕ್ಕೆಲ್ಲ 25 ಲಕ್ಷಕ್ಕಿಂತ ಹೆಚ್ಚು ಡೋಸ್ ಹಂಚಿಕೆಯಾಗಿತ್ತು.

ಐದು ಅನ್ನುವುದು ಹೆಚ್ಚಾ, ಆ ವಯಸ್ಸಿನಲ್ಲಿ ಹೇಗೂ ಆಗುವಷ್ಟೇನಾ? ಆಗ ಹೇಳಲಿಕ್ಕೆ ಆಗುತ್ತಿರಲಿಲ್ಲ. ಎಫ್‌ಡಿಎ, ಸಿಡಿಸಿ ಎರಡೂ ಕೂಡಲೇ ವಿಷಯವನ್ನು ಸಾರ್ವಜನಿಕರ ಮುಂದಿಟ್ಟು, ಇಂಥ ಪ್ರಕರಣ ಕಂಡರೆ ತಿಳಿಸಿ ಅಂತ ವೈದ್ಯರನ್ನು ಕೇಳಿಕೊಂಡವು. ಲಸಿಕೆಯನ್ನು ನಿಲ್ಲಿಸಲಿಲ್ಲ, ಆದರೆ ಹಿಂದೆ ಗೀಯಾನ್–ಬಾರೆ ಬಂದವರಿಗೆ ಎಚ್ಚರಿಕೆ ಅಂತ ಬರೆದರು. ಆಮೇಲೆ ದೊಡ್ಡ ಎರಡು ಅಧ್ಯಯನಗಳು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಡೋಸುಗಳನ್ನು ಬೆನ್ನು ಹತ್ತಿ ನೋಡಿದವು. ಲಸಿಕೆಯಿಂದ ಅಪಾಯ ಹೆಚ್ಚಿದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ. 2010ರಲ್ಲಿ ಅಲ್ಲಿನ ಲಸಿಕಾ ಸಲಹಾ ಸಮಿತಿ ಆ ಎಚ್ಚರಿಕೆಯನ್ನು ತನ್ನ ಶಿಫಾರಸಿನಿಂದ ತೆಗೆಯಿತು. ಐದು ವರ್ಷ ಬೇಕಾಯಿತು. ಐದು ವರ್ಷದ ಉತ್ತರ ಐದು ನಿಮಿಷದ ಫಾರ್ವರ್ಡ್ ಮೆಸೇಜಿನಷ್ಟು ಬೇಗ ಓಡುವುದಿಲ್ಲ, ಅದೇ ಕಷ್ಟ.

ಎಲ್ಲ ಸಂಶಯವೂ ಹೀಗೆ ಪೂರ್ತಿ ಬಗೆಹರಿಯುತ್ತದೆ ಅಂತ ಇಲ್ಲ. ಕೆನಡಾದ ಕ್ಯುಬೆಕ್ ಪ್ರಾಂತ್ಯದ ಒಂದು ಭಾಗದಲ್ಲಿ 2014ರಲ್ಲಿ ಎರಡು ತಿಂಗಳ ಕೂಸಿನಿಂದ 20 ವರ್ಷದವರೆಗಿನ ಎಲ್ಲರಿಗೂ ಇದೇ ‘ಬಿ’ ಲಸಿಕೆ ಹಾಕಿದರು. ನಿಗಾ ಇಟ್ಟವರಿಗೆ ಮೂತ್ರಪಿಂಡದ ಒಂದು ಕಾಯಿಲೆ, ನೆಫ್ರೋಟಿಕ್ ಸಿಂಡ್ರೋಮ್, ಸಣ್ಣ ಮಕ್ಕಳಲ್ಲಿ ನಾಲ್ವರಿಗೆ ಬಂದದ್ದು ಕಂಡಿತು. ಅಷ್ಟು ಜನಸಂಖ್ಯೆಗೆ ನಿರೀಕ್ಷೆಗಿಂತ ಹೆಚ್ಚು. ಸಂಖ್ಯೆ ತೀರಾ ಚಿಕ್ಕದಾದ್ದರಿಂದ ಲಸಿಕೆಯೇ ಕಾರಣ ಅಂತಲೂ ಅಲ್ಲ ಅಂತಲೂ ಅವರು ತೀರ್ಪು ಕೊಡಲಿಲ್ಲ. ಇನ್ನೂ ನೋಡಬೇಕು ಅಂತ ಬರೆದು ಪ್ರಕಟಿಸಿದರು. ನಮ್ಮ ಮಟ್ಟಿಗೆ ಇಂಥ ಪ್ರಾಮಾಣಿಕ ‘ಇನ್ನೂ ನೋಡಬೇಕು’ ಸುಮ್ಮನೆ ಕೊಡುವ ಧೈರ್ಯಕ್ಕಿಂತ ಮೇಲು.

ಜ್ವರ ಬಂದರೆ ಲಸಿಕೆಯದ್ದೇ ಅಂತ ಕೂರಬೇಡಿ

ಕಾಯಿಲೆ ಹರಡುತ್ತಿರುವ ಜಾಗದಲ್ಲಿ ಲಸಿಕೆ ಹಾಕಿದಾಗ ಇನ್ನೊಂದು ಅಪಾಯ ಇದೆ. ಲಸಿಕೆಯ ಜ್ವರವೂ ಕಾಯಿಲೆಯ ಜ್ವರವೂ ಶುರುವಿನಲ್ಲಿ ಒಂದೇ ಥರ. ಲಸಿಕೆ ಹಾಕಿದ ದಿನವೇ ರಕ್ಷಣೆ ಸಿಗುವುದಿಲ್ಲ, ದೇಹಕ್ಕೆ ವಾರಗಳು ಬೇಕು. ಈ ನಡುವೆ ರೋಗಾಣು ಆಗಲೇ ಒಳಗೆ ಸೇರಿದ್ದರೆ? ಹಾಗಾಗಿ ಒಂದೆರಡು ದಿನದಲ್ಲಿ ಇಳಿಯದ ಜ್ವರ, ತಡೆಯಲಾಗದ ತಲೆನೋವು, ಕುತ್ತಿಗೆ ಬಿಗಿತ, ಬೆಳಕು ನೋಡಲಾಗದಿರುವುದು, ಕೈಕಾಲು ತಣ್ಣಗಾಗುವುದು, ಗೊಂದಲದ ಮಾತು, ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆ, ಇದರಲ್ಲಿ ಯಾವುದು ಕಂಡರೂ ಪ್ಯಾರಸಿಟಮಾಲ್ ಕೊಟ್ಟು ಬೆಳಗ್ಗೆ ನೋಡುವಾ ಅಂತ ಮಲಗಬಾರದು. ಗಾಜಿನ ಲೋಟವನ್ನು ಚುಕ್ಕೆಯ ಮೇಲೆ ಒತ್ತಿ ನೋಡಿ. ಮಾಸದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ. ಚುಕ್ಕೆ ಇಲ್ಲ ಅಂತ ಸಮಾಧಾನವೂ ಬೇಡ, ಎಲ್ಲರಿಗೂ ಅದು ಬರುವುದಿಲ್ಲ.

ಲಸಿಕೆ ಏನು ಮಾಡಿತು, ಏನು ಮಾಡಲಿಲ್ಲ ಅನ್ನುವುದೂ ನಿಗಾ ಇಟ್ಟದ್ದರಿಂದಲೇ ತಿಳಿದದ್ದು. ಪ್ರಿನ್ಸ್‌ಟನ್‌ನಲ್ಲಿ ಹಾಕಿಸಿಕೊಂಡ ವಿದ್ಯಾರ್ಥಿಗಳಲ್ಲಿ ಆಮೇಲೆ ಯಾರಿಗೂ ಕಾಯಿಲೆ ಬರಲಿಲ್ಲ. ಆದರೆ ಎರಡು ಡೋಸ್ ಆದ 499 ವಿದ್ಯಾರ್ಥಿಗಳ ರಕ್ತ ಪರೀಕ್ಷಿಸಿದಾಗ, ಅಲ್ಲಿ ಹರಡಿದ್ದ ತಳಿಯ ವಿರುದ್ಧ ಪ್ರತಿಕಾಯ ಕಂಡದ್ದು ನೂರಕ್ಕೆ 66 ಮಂದಿಯಲ್ಲಿ ಮಾತ್ರ. 2014ರ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿನಿ ಇದೇ ತಳಿಯಿಂದ ತೀರಿಕೊಂಡಳು. ಅದಕ್ಕೂ ಸುಮಾರು ಒಂದು ವಾರ ಮೊದಲು ಆಕೆ ಪ್ರಿನ್ಸ್‌ಟನ್ ವಿದ್ಯಾರ್ಥಿಗಳ ಜೊತೆ ಒಡನಾಡಿದ್ದಳು. ಅಂದರೆ ಲಸಿಕೆ ಹಾಕಿಸಿಕೊಂಡವರು ತಾವು ಕಾಯಿಲೆ ಬೀಳದಿದ್ದರೂ ಗಂಟಲಲ್ಲಿ ರೋಗಾಣುವನ್ನು ಹೊತ್ತು ಇನ್ನೊಬ್ಬರಿಗೆ ದಾಟಿಸಬಹುದು. ಒಂದೇ ಲೋಟ, ಒಂದೇ ಬಾಟಲಿ ಹಂಚಿಕೊಳ್ಳಬೇಡಿ ಅಂತ ಪ್ರಿನ್ಸ್‌ಟನ್ ತನ್ನ ವಿದ್ಯಾರ್ಥಿಗಳಿಗೆ ಹೇಳುತ್ತಲೇ ಇದ್ದದ್ದು ಇದಕ್ಕೆ.

ಇಲ್ಲಿ, ನಮ್ಮ ಊರಿನಲ್ಲಿ

ಅಡ್ಡಪರಿಣಾಮ ದಾಖಲಿಸುವ ವ್ಯವಸ್ಥೆ ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. ಭಾರತದಲ್ಲಿ ಲಸಿಕೆ ಆದ ಮೇಲೆ 30 ನಿಮಿಷ ಕೂರಿಸಬೇಕು ಅನ್ನುವುದು ನಿಯಮ. ಕೋವಿಡ್ ಹೊತ್ತಿನಲ್ಲಿ ಎಲ್ಲರೂ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡಿದ್ದೇವೆ. ಲಸಿಕೆಯ ನಂತರದ ಗಂಭೀರ ಘಟನೆಗಳನ್ನು ಪರಿಶೀಲಿಸಲು ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಸಮಿತಿಗಳಿವೆ. ಗಾಜಿಯಾಬಾದಿನ ಭಾರತೀಯ ಔಷಧ ಸಂಹಿತೆ ಆಯೋಗದಡಿ ಔಷಧಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ ಇದೆ. ಉಚಿತ ಸಹಾಯವಾಣಿ 1800-180-3024. ವೈದ್ಯರೇ ಹೇಳಬೇಕು ಅಂತಿಲ್ಲ, ರೋಗಿ ಅಥವಾ ಮನೆಯವರೂ ತಿಳಿಸಬಹುದು, ಅವರಿಗೆ ಬೇರೆಯೇ ಫಾರಂ ಇದೆ. ಖಾಸಗಿ ಕ್ಲಿನಿಕ್ಕಿನಲ್ಲಿ ದುಡ್ಡು ಕೊಟ್ಟು ಹಾಕಿಸಿದ ಲಸಿಕೆಗೂ ಇದು ಅನ್ವಯ. ಮೆನಿಂಗೊಕಾಕಲ್ ಲಸಿಕೆಯನ್ನು ನಮ್ಮ ಮಕ್ಕಳು ಹೆಚ್ಚಾಗಿ ಹಾಕಿಸುವುದು ಅಂಥಲ್ಲೇ.

ಹಾಗೆ ತಿಳಿಸಬೇಕಾದರೆ ಕೈಯಲ್ಲಿ ಮಾಹಿತಿ ಬೇಕು. ಲಸಿಕೆಯ ಹೆಸರು, ಬ್ಯಾಚ್ ನಂಬರ್, ದಿನ, ಹೊತ್ತು, ಯಾವ ತೋಳು, ಇಷ್ಟು ಬರೆದ ಕಾರ್ಡನ್ನು ಕೇಳಿ ಪಡೆಯಿರಿ. ಬರೆದು ಕೊಡಲು ಬೇಸರಪಟ್ಟರೆ ಬಾಟಲಿಯ ಲೇಬಲ್ಲಿನ ಫೋಟೋ ತೆಗೆದುಕೊಳ್ಳಿ. ಬ್ಯಾಚ್ ನಂಬರ್ ಇಲ್ಲದಿದ್ದರೆ ಒಂದೇ ಬ್ಯಾಚಿನಲ್ಲಿ ಹತ್ತು ಮಂದಿಗೆ ತೊಂದರೆಯಾದರೂ ಅದು ಯಾರ ಗಮನಕ್ಕೂ ಬಾರದು. ಹಿಂದೆ ಯಾವುದಾದರೂ ಲಸಿಕೆಗೆ ಅಲರ್ಜಿ ಆಗಿದ್ದರೆ, ಸೂಜಿ ಕಂಡು ತಲೆಸುತ್ತಿದ್ದರೆ ಮೊದಲೇ ಹೇಳಬೇಕು. ಹುಡುಗರು ನಾಚಿಕೆಯಿಂದ ಹೇಳುವುದಿಲ್ಲ, ಉಮ್ಮನೇ ಹೇಳಿದರೆ ಒಳ್ಳೆಯದು. ಹಾಕಿಸಿಕೊಂಡ ಕೂಡಲೇ ಬೈಕ್ ಹತ್ತುವುದು ಬೇಡ. ಅರ್ಧ ಗಂಟೆಯೊಳಗೆ ತುಟಿ, ಮುಖ ಊದಿದರೆ, ಮೈಯೆಲ್ಲ ದದ್ದು ಎದ್ದರೆ, ಉಸಿರಾಡಲು ಕಷ್ಟವಾದರೆ ಅಲ್ಲಿನ ಸಿಬ್ಬಂದಿಗೆ ತಕ್ಷಣ ತಿಳಿಸಿ.

ಹಜ್ಜಿಗೆ, ಉಮ್ರಾಕ್ಕೆ ಹೊರಡುವ ಹಿರಿಯರಿಗೂ ಇದೇ ಮಾತು. 1987ರ ಹಜ್ಜಿನಲ್ಲಿ ‘ಎ’ ಗುಂಪು, 2000ದ ಹಜ್ಜಿನಲ್ಲಿ ‘ಡಬ್ಲ್ಯು’ ಗುಂಪು ಹರಡಿದ ಮೇಲೆ ಸೌದಿ ಅರೇಬಿಯಾ ನಾಲ್ಕು ಗುಂಪುಗಳ ಲಸಿಕೆ ಕಡ್ಡಾಯ ಮಾಡಿತು. ತಲುಪುವ ದಿನಕ್ಕಿಂತ ಕನಿಷ್ಠ 10 ದಿನ ಮೊದಲು ಆಗಿರಬೇಕು. 2024ರ ಏಪ್ರಿಲ್ ನಂತರ ಉಮ್ರಾ ಪ್ರಯಾಣಕ್ಕೆ ಸಂಬಂಧಿಸಿದ 12 ಪ್ರಕರಣಗಳು ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳಲ್ಲಿ ಕಂಡವು. ಲಸಿಕೆಯ ವಿವರ ತಿಳಿದಿದ್ದ ಒಂಬತ್ತು ಮಂದಿಯಲ್ಲಿ ಒಬ್ಬರೂ ಹಾಕಿಸಿಕೊಂಡಿರಲಿಲ್ಲ. ಸೂಜಿಯ ಹೆದರಿಕೆಗೆ ಸರ್ಟಿಫಿಕೇಟ್ ಮಾತ್ರ ಮಾಡಿಸಿಕೊಂಡು ಹೋಗುವವರು ಇದ್ದಾರೆ ಅಂತ ಕೇಳಿ ಬರುವಾಗ ಈ ಒಂಬತ್ತರ ನೆನಪು ಇರಲಿ.

ಆಗಸ್ಟ್, ಸೆಪ್ಟೆಂಬರಿನಲ್ಲಿ ವಿಮಾನ ಹತ್ತುವ ಮಕ್ಕಳಿಗೆ ಎರಡು ಕೆಲಸ ಈಗಲೇ ಇದೆ. ಒಂದು, ವಿಶ್ವವಿದ್ಯಾಲಯದ ಫಾರಂನಲ್ಲಿ ಕೇಳಿದ್ದು ನಾಲ್ಕು ಗುಂಪಿನ ಲಸಿಕೆಯಾ, ‘ಬಿ’ ಲಸಿಕೆಯಾ, ಎರಡೂನಾ ಅಂತ ಅಲ್ಲಿನ ವಿದ್ಯಾರ್ಥಿ ಆರೋಗ್ಯ ಕೇಂದ್ರಕ್ಕೆ ಇಮೇಲ್ ಬರೆದು ಕೇಳುವುದು. ‘ಬಿ’ ಲಸಿಕೆಗೆ ಒಂದಕ್ಕಿಂತ ಹೆಚ್ಚು ಡೋಸ್ ಬೇಕು, ನಡುವೆ ಅಂತರವೂ ಬೇಕು, ಹೊರಡುವ ವಾರದಲ್ಲಿ ಮುಗಿಯುವುದಿಲ್ಲ. ಎರಡು, ಲಸಿಕೆ ಕಾರ್ಡಿನ ಒಂದು ಪ್ರತಿ ಮಗುವಿನ ಮೊಬೈಲಿನಲ್ಲಿ, ಇನ್ನೊಂದು ಪ್ರತಿ ಉಮ್ಮನ ಮೊಬೈಲಿನಲ್ಲಿ.